ಉರಿಯದ ಬಲ್ಬೇ ಶುಭಶಕುನ

ನನ್ನ ಹತ್ತಿರ ಏಳು ಹಳೇ ಟ್ರಾನ್ಸಿಸ್ಟರ್ ಆಂಪ್‌ಗಳಿವೆ, ಗಿಟಾರಿನ ಸದ್ದು ಏರಿಸುವ ಪೆಟ್ಟಿಗೆಗಳು. ಮೊದಲನೆಯದು ಸಿಕ್ಕಿದ್ದು ಚಿಕ್ಕಮಗಳೂರಿನ ಒಂದು ಗುಜರಿ ಅಂಗಡಿಯಲ್ಲಿ, ತುಕ್ಕು ಹಿಡಿದ ಕಾಫಿ ಪಲ್ಪರ್ ಪಕ್ಕ. ಅಂಗಡಿಯವನು ತಕ್ಕಡಿಗಿಟ್ಟು ತೂಗಿದ. ಟ್ರಾನ್ಸ್‌ಫಾರ್ಮರಿನಲ್ಲಿ ತಾಮ್ರ ಇದೆಯೆಂದು ನಾಲ್ಕು ಕಾಸು ಜಾಸ್ತಿಯೇ ಕೇಳಿದ. ಯಾವುದೋ ಆರ್ಕೆಸ್ಟ್ರಾದವರದ್ದಿರಬೇಕು, ಹಿಂಬದಿಯಲ್ಲಿ ಹಳದಿ ಪೇಂಟಿನಲ್ಲಿ ‘ಗಿಟಾರ್ ಮಾತ್ರ’ ಎಂದು ಬರೆದಿತ್ತು. ಗಣಪತಿ ಪೆಂಡಾಲಿನಲ್ಲಿ ಭಾಷಣದವರು ಮೈಕ್ ಚುಚ್ಚಿ ಕಾಟ ಕೊಟ್ಟಿರಬಹುದು.

ಗಾಜಿನ ವಾಲ್ವಿನ ಹಳೇ ಆಂಪ್ ಅಂದರೆ ಗಿಟಾರಿನವರು ಕೈಮುಗಿಯುತ್ತಾರೆ, ಟ್ರಾನ್ಸಿಸ್ಟರಿನದ್ದಕ್ಕೆ ಮೂಗು ಮುರಿಯುತ್ತಾರೆ. ಬ್ಲೂಸ್ ಗಿಟಾರಿನ ದಿಗ್ಗಜ ಬಿ.ಬಿ. ಕಿಂಗ್ ಅಂಥವರೇ ಲ್ಯಾಬ್ ಸೀರೀಸ್ ಎಲ್5 ಎಂಬ ಟ್ರಾನ್ಸಿಸ್ಟರ್ ಆಂಪ್ ಇಟ್ಟುಕೊಂಡು ನುಡಿಸಿದ್ದು ಇವರಿಗೆ ನೆನಪಿರುವುದಿಲ್ಲ. 1975ರಲ್ಲಿ ಬಂದ ರೋಲ್ಯಾಂಡ್ ಜೆಸಿ-120 ಕೂಡ ಇದೇ ಜಾತಿ. ಅದರ ಒಂದು ಸ್ಪೀಕರಿಗೆ ನೇರ ಸದ್ದು ಹೋಗುತ್ತದೆ, ಇನ್ನೊಂದಕ್ಕೆ ಸ್ವಲ್ಪ ತೂಗಾಡಿಸಿದ ಸದ್ದು. ಎರಡೂ ಬೆರೆಯುವುದು ಕೋಣೆಯ ಗಾಳಿಯಲ್ಲಿ. ನನ್ನ ಹತ್ತಿರ ಅದಿಲ್ಲ, ಕೊಳ್ಳುವ ತಾಕತ್ತೂ ಇಲ್ಲ. ನನ್ನ ಏಳೂ ಹೆಸರು ಅಳಿಸಿಹೋದ ಬಡಪಾಯಿಗಳು. ಜನ ಮೂಗು ಮುರಿಯುವುದರಿಂದಲೇ ಅವು ನನ್ನ ಕೈಗೆ ಎಟುಕಿದ್ದು.

ತಂದ ತಕ್ಷಣ ಪ್ಲಗ್ ಚುಚ್ಚುವ ಚಪಲ ಎಲ್ಲರಿಗೂ ಇರುತ್ತದೆ. ನಾನು ಮಾತ್ರ ಸೀರೀಸ್ ಬೋರ್ಡ್ ಇಲ್ಲದೆ ಯಾವುದಕ್ಕೂ ಕರೆಂಟ್ ಕೊಡುವುದಿಲ್ಲ. ಫೇಸ್ ತಂತಿಯ ನಡುವೆ 60 ವಾಟಿನ ಒಂದು ಬಲ್ಬ್, ಅಷ್ಟೇ. ಸ್ವಿಚ್ ಹಾಕಿದಾಗ ಬಲ್ಬ್ ಫಕ್ಕನೆ ಬೆಳಗಿ ಮಂಕಾಯಿತೋ, ಒಳಗೆ ಜೀವ ಇದೆ. ಉರಿಯುತ್ತಲೇ ನಿಂತಿತೋ, ಎಲ್ಲೋ ಶಾರ್ಟ್. ಎಲ್‌ಇಡಿ ಇದಕ್ಕೆ ಆಗದು, ತಂತಿ ಬಲ್ಬೇ ಬೇಕು. ಈಗ ಅದು ಸಿಗುವುದು ಕೋಳಿಮರಿಗೆ ಕಾವು ಕೊಡುವ ಸಾಮಾನು ಮಾರುವಲ್ಲಿ.

ಆ ಗುಜರಿ ಆಂಪ್‌ಗೆ ಬಲ್ಬ್ ಝಗಮಗ ಉರಿಯಿತು. ಔಟ್‌ಪುಟ್ಟಿನ ಎರಡು 2ಎನ್3055 ಪವರ್ ಟ್ರಾನ್ಸಿಸ್ಟರುಗಳಲ್ಲಿ ಒಂದು ಶಾರ್ಟ್. ಬೆಂಗಳೂರಿನಿಂದ ಹೊಸದು ತರಿಸಿ ಹಾಕಿದೆ. ಒಂದು ಹಾಡು ಮುಗಿಯುವಷ್ಟರಲ್ಲಿ ಅದೂ ಸತ್ತಿತು. ಸಿಟ್ಟಿಗೆ ಹ್ಯಾಕ್‌ಸಾ ತೆಗೆದುಕೊಂಡು ಹಳೆಯದು, ಹೊಸದು ಎರಡರ ಟೋಪಿಯನ್ನೂ ಕೊಯ್ದೆ. ಹಳೆಯದರೊಳಗಿನ ಸಿಲಿಕಾನ್ ಚೂರು ತೊಗರಿಬೇಳೆಯಷ್ಟಿತ್ತು. ಹೊಸದರದ್ದು ಎಳ್ಳುಕಾಳು! 115 ವಾಟ್ ಶಾಖ ತಡೆಯಬೇಕಾದ ಜಾಗದಲ್ಲಿ ಎಳ್ಳು. ಆಮೇಲಿಂದ ಹಳೇ ಸ್ಟಾಕ್ ಇಟ್ಟುಕೊಂಡ ರೇಡಿಯೊ ರಿಪೇರಿಯವರನ್ನೇ ಹುಡುಕಿಕೊಂಡು ಹೋಗುತ್ತೇನೆ.

ಅಸಲಿ ಸಿಕ್ಕ ದಿನ ಎಡವಟ್ಟು ನನ್ನದೇ. ಈ ಟ್ರಾನ್ಸಿಸ್ಟರಿನ ಲೋಹದ ಮೈಯೇ ಕಲೆಕ್ಟರ್, ಅಂದರೆ ಕರೆಂಟ್ ಹರಿಯುವ ಒಂದು ತುದಿ. ಅದಕ್ಕೂ ಶಾಖ ಹೀರುವ ಹೀಟ್‌ಸಿಂಕಿಗೂ ನಡುವೆ ಅಭ್ರಕದ ತೆಳು ಹಾಳೆ ಇರಬೇಕು. ಪೇಸ್ಟ್ ಬಳಿದು, ಸ್ಕ್ರೂ ಬಿಗಿದು, ಸ್ವಿಚ್ ಹಾಕಿದರೆ ಬಲ್ಬ್ ಮತ್ತೆ ಝಗ್ಗೆಂದಿತು. ನೋಡಿದರೆ ಅಭ್ರಕ ಮೇಜಿನ ಮೇಲೆ ಕಾಫಿ ಲೋಟದ ಕೆಳಗೆ ಅಂಟಿಕೊಂಡಿದೆ. ಬಲ್ಬ್ ಇಲ್ಲದಿದ್ದರೆ ಅಷ್ಟು ಓಡಾಡಿ ತಂದದ್ದು ಅರೆ ಕ್ಷಣದಲ್ಲಿ ಹೋಗುತ್ತಿತ್ತು. ಹಾಳೆ ಇಟ್ಟ ಮೇಲೆ ಬಲ್ಬ್ ಮಿಣುಕಿ ಆರಿತು. ಸಪ್ಲೈ 50 ವೋಲ್ಟ್. ಎರಡು ಟ್ರಾನ್ಸಿಸ್ಟರ್ ಕೂಡುವಲ್ಲಿ ಮೀಟರ್ ಇಟ್ಟರೆ 25ರ ಆಸುಪಾಸು. ತಕ್ಕಡಿಯ ಮುಳ್ಳು ನಡುವೆ ನಿಂತಿತ್ತು. ಆಮೇಲಷ್ಟೇ ಸ್ಪೀಕರ್ ಜೋಡಿಸಿದೆ.

ಉಳಿದ ಆರರಲ್ಲಿ ಮೂರಕ್ಕೆ ಒಂದೇ ಒಂದು ಪಾರ್ಟನ್ನೂ ಬದಲಿಸಿಲ್ಲ. ಹಳೆಯದು ಕಂಡರೆ ಕೆಪಾಸಿಟರೆಲ್ಲ ಕಿತ್ತುಹಾಕು ಅನ್ನುವವರಿದ್ದಾರೆ, ನನಗೆ ಅದು ಸರಿ ಕಾಣುವುದಿಲ್ಲ. ಪವರ್ ಸಪ್ಲೈಯ ದೊಡ್ಡ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಒಣಗಿ ಗುಂಯ್ ಎಂಬ ಹಮ್ ಬರುತ್ತಿದ್ದರೆ ಬದಲಿಸಲೇಬೇಕು. ಟೋನ್ ಭಾಗದ ಪಾಲಿಯೆಸ್ಟರಿನವನ್ನು ಮುಟ್ಟುವುದೇಕೆ? ನಮ್ಮ ಕಡೆಯ ಅಸಲಿ ಶತ್ರು ಮಳೆಗಾಲ. ಜೂನಿನಿಂದ ಚಪ್ಪಲಿಗೆ ಬೂಷ್ಟು ಬರುವ ಊರಿನಲ್ಲಿ ಜ್ಯಾಕಿನ ಕಾಂಟ್ಯಾಕ್ಟ್ ಕಪ್ಪಾಗದೆ ಇರುತ್ತದೆಯೇ? ಸದ್ದು ಬಂದು ಬಂದು ಹೋಗುತ್ತಿದ್ದರೆ ಹಿಂಬದಿಯಲ್ಲಿ ಎಫೆಕ್ಟ್ ಪೆಟ್ಟಿಗೆ ಜೋಡಿಸಲು ಇರುವ ಸೆಂಡ್, ರಿಟರ್ನ್ ಜ್ಯಾಕುಗಳ ನಡುವೆ ಒಂದು ಸಣ್ಣ ಕೇಬಲ್ ಹಾಕಿ ನೋಡಿ. ಸದ್ದು ಗಟ್ಟಿಯಾಗಿ ನಿಂತರೆ ರೋಗ ಆ ಜ್ಯಾಕುಗಳದ್ದೇ, ಕಾಂಟ್ಯಾಕ್ಟ್ ಕ್ಲೀನರ್ ಸಾಕು. ಸಕಲೇಶಪುರದಿಂದ ತಂದ ಒಂದರ ಸ್ಪೀಕರ್ ಹಿಂದೆ ಕಡಜ ಮಣ್ಣಿನ ಗೂಡು ಕಟ್ಟಿತ್ತು. ಚಾಕುವಿನ ತುದಿಯಲ್ಲಿ ಬಿಡಿಸಲು ಇಡೀ ಭಾನುವಾರ ಹಿಡಿಯಿತು, ಆದರೆ ಪೇಪರ್ ಕೋನ್ ಹರಿಯಲಿಲ್ಲ.

ಕೊನೆಯದಾಗಿ ಬಂದದ್ದರಲ್ಲಿ ಸ್ಪ್ರಿಂಗ್ ರಿವರ್ಬ್ ಇದೆ: ತಗಡಿನ ತೊಟ್ಟಿಯೊಳಗೆ ತೂಗುಬಿಟ್ಟ ಸ್ಪ್ರಿಂಗುಗಳು, ಒಂದು ತುದಿಯಲ್ಲಿ ಸದ್ದು ಹೊಕ್ಕು ಇನ್ನೊಂದರಲ್ಲಿ ಅನುರಣನವಾಗಿ ಬರುತ್ತದೆ. ಅದರ ಕಾಯಿಲ್‌ನ ಕೂದಲೆಳೆಯಂಥ ತಂತಿ ಕಿಲುಬು ಹಿಡಿದು ತುಂಡಾಗಿತ್ತು. ಭೂತಗನ್ನಡಿ ಹಿಡಿದು ಬೆಸೆದೆ. ಜನವರಿಯ ಒಂದು ಮಧ್ಯಾಹ್ನ ವಾಲ್ಯೂಮ್ ಏರಿಸಿಟ್ಟು ನೋಡುತ್ತಿದ್ದಾಗ ಮೊಣಕೈ ತಗುಲಿ ಆಂಪ್ ಅಲುಗಿತು. ಸ್ಪ್ರಿಂಗುಗಳು ಒಂದಕ್ಕೊಂದು ಬಡಿದು ಮನೆಯೆಲ್ಲ ಗುಡುಗಿದಂತಾಯಿತು. ಕಣದಲ್ಲಿದ್ದ ಅಮ್ಮ ಕೂಗಿದ್ದು ಕೇಳಿಸಿತು: “ಮಳೆ ಬಂತು ಕಣೋ, ಟಾರ್ಪಾಲು ತಾ, ಕಾಫಿ ಮುಚ್ಚು!”