‘ಪರಿಶೀಲಿಸು’ ಎಂಬ ಒಂದೇ ಪದದಿಂದ ನಾನು ಹೊರಬಂದ ಬಗೆ

ಮಂಡ್ಯದಲ್ಲಿದ್ದುಕೊಂಡು ಇಂಗ್ಲಿಷ್ ವರದಿಗಳನ್ನು ಕನ್ನಡಕ್ಕೆ ತರುವ ಕೆಲಸವನ್ನು ನಾನು ಹಲವು ವರ್ಷಗಳಿಂದ ಮಾಡಿಕೊಂಡು ಬಂದಿದ್ದೇನೆ. ಒಮ್ಮೆ ಸಹಕಾರ ಸಂಘವೊಂದರ ವರದಿಯಲ್ಲಿ ಇನ್‌ಸ್ಪೆಕ್ಟ್, ಸ್ಕ್ರೂಟಿನೈಸ್, ಆಡಿಟ್, ರಿವ್ಯೂ ಎಂಬ ನಾಲ್ಕು ಕ್ರಿಯಾಪದಗಳು ಒಂದೇ ಪ್ಯಾರಾದಲ್ಲಿ ಬಂದಿದ್ದವು. ನಾಲ್ಕಕ್ಕೂ ನಾನು ‘ಪರಿಶೀಲಿಸು’ ಎಂದೇ ಬರೆದಿದ್ದೆ. ಕರಡನ್ನು ಓದಿದ ನಿವೃತ್ತ ಮೇಷ್ಟ್ರೊಬ್ಬರು, ‘ಗೋದಾಮಿಗೆ ಹೋದವರು, ಕಡತ ಬಿಚ್ಚಿದವರು, ಲೆಕ್ಕ ನೋಡಿದವರು ಎಲ್ಲರೂ ಮಾಡಿದ್ದು ಒಂದೇ ಕೆಲಸವೇ?’ ಎಂದು ಕೇಳಿದರು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ಅಂದಿನಿಂದ ಇಂಥ ಪದಗಳಿಗೆಂದೇ ಒಂದು ನೋಟ್‌ಬುಕ್ ಇಟ್ಟೆ. ನಿಘಂಟು ಕೊಡುವ ಅರ್ಥವನ್ನು ಬರೆದುಕೊಳ್ಳುವ ಮೊದಲು, ಈ ಪದ ಹುಟ್ಟಿದಾಗ ಮನುಷ್ಯನ ಕೈ ಏನು ಮಾಡುತ್ತಿತ್ತು, ಕಣ್ಣು ಎಲ್ಲಿತ್ತು, ಕಿವಿ ಏನು ಕೇಳುತ್ತಿತ್ತು ಎಂದು ಹುಡುಕುವುದನ್ನು ರೂಢಿ ಮಾಡಿಕೊಂಡೆ. ಆಡಿಟ್ ಎಂಬುದರ ಮೂಲ ಲ್ಯಾಟಿನ್ನಿನ ‘ಕೇಳು’ ಎಂಬ ಧಾತು. ಹಿಂದೆ ಲೆಕ್ಕವನ್ನು ಗಟ್ಟಿಯಾಗಿ ಓದಿಸಿ, ಕಿವಿಯಿಂದ ಕೇಳಿ ಒಪ್ಪುತ್ತಿದ್ದರು. ಕನ್ನಡದ ‘ಲೆಕ್ಕಪರಿಶೋಧನೆ’ಯಲ್ಲಿ ಇರುವುದು ಕಿವಿಯಲ್ಲ, ಶೋಧಿಸುವ, ಎಂದರೆ ಸೋಸಿ ಶುದ್ಧಗೊಳಿಸುವ ಕೈ. ಎರಡೂ ಭಾಷೆಗಳು ಒಂದೇ ಕೆಲಸವನ್ನು ಬೇರೆ ಬೇರೆ ಇಂದ್ರಿಯಗಳಿಂದ ಕಂಡಿರುವುದು ನನಗೆ ಈಗಲೂ ಸಂತೋಷ ಕೊಡುವ ಸಂಗತಿ.

ಸ್ಕ್ರೂಟಿನಿ ಹೆಚ್ಚು ಕಾಲ ಬೇಡಿತು. ಅದರ ಹಿಂದೆ ಚಿಂದಿ, ಹರಕು ಮುರುಕು ಸಾಮಾನು ಎಂಬರ್ಥದ ಲ್ಯಾಟಿನ್ ಪದವಿದೆಯೆಂದು ವ್ಯುತ್ಪತ್ತಿ ಬಲ್ಲವರು ಹೇಳುತ್ತಾರೆ. ಎಂದರೆ ಕಸದ ರಾಶಿಯನ್ನು ಒಂದೊಂದಾಗಿ ಎತ್ತಿ ನೋಡಿ, ಬೇಕಾದದ್ದನ್ನು ಹುಡುಕುವ ಕೆಲಸ. ನಮ್ಮ ಮನೆಗಳಲ್ಲಿ ಮೊರದ ಮೇಲೆ ಅಕ್ಕಿ ಹರಡಿಕೊಂಡು ಕಲ್ಲು ಆರಿಸುವವರ ಕಣ್ಣು ಇದಕ್ಕೆ ಬಹಳ ಹತ್ತಿರ. ಆದ್ದರಿಂದ ಸಾಮಾನ್ಯ ಬರಹದಲ್ಲಿ ‘ಒಂದೊಂದನ್ನೂ ಎತ್ತಿ ನೋಡಿದರು’, ‘ಕೂಲಂಕಷವಾಗಿ ನೋಡಿದರು’ ಎಂದು ಬರೆಯತೊಡಗಿದೆ. ‘ಕೂಲಂಕಷ’ವೆಂದರೆ ದಡವನ್ನೇ ಉಜ್ಜಿಕೊಂಡು ಹರಿಯುವ ಹೊಳೆ, ಕಾವೇರಿಯ ಮಗ್ಗುಲಲ್ಲಿ ಬೆಳೆದವರಿಗೆ ಆ ಚಿತ್ರವನ್ನು ವಿವರಿಸಬೇಕಾಗಿಲ್ಲ. ಆದರೆ 1951ರ ಪ್ರಜಾಪ್ರತಿನಿಧಿ ಕಾಯ್ದೆಯ 36ನೆಯ ಪ್ರಕರಣದಲ್ಲಿ ಬರುವ ಸ್ಕ್ರೂಟಿನಿ ‘ನಾಮಪತ್ರ ಪರಿಶೀಲನೆ’ಯೇ ಆಗಿರಬೇಕು. ಕಾನೂನಿನಲ್ಲಿ ನೆಲೆಗೊಂಡ ಪದವನ್ನು ಅನುವಾದಕ ತನ್ನ ರುಚಿಗಾಗಿ ಕದಲಿಸುವುದು ಸರಿಯಲ್ಲವೆಂದು ನಾನು ದೃಢವಾಗಿ ನಂಬಿದ್ದೇನೆ.

ವೆಟ್ ಎಂಬ ಚಿಕ್ಕ ಪದ ನನ್ನನ್ನು ಬೇಬಿ ಬೆಟ್ಟದ ದನಗಳ ಜಾತ್ರೆಗೆ ಕರೆದೊಯ್ಯಿತು. ಪಶುವೈದ್ಯ ಎಂಬರ್ಥದ ವೆಟರಿನರಿ ಪದವೇ ಮೊಟಕಾಗಿ, 19ನೆಯ ಶತಮಾನದಲ್ಲಿ ಪ್ರಾಣಿಯನ್ನು ವೈದ್ಯರಿಂದ ಪರೀಕ್ಷೆ ಮಾಡಿಸುವುದಕ್ಕೆ ಬಳಕೆಯಾಗಿ, ಮುಂದೆ ಮನುಷ್ಯರ, ಕಾಗದಪತ್ರಗಳ ಯೋಗ್ಯತೆಯನ್ನು ಮೊದಲೇ ನೋಡುವುದಕ್ಕೂ ಹರಡಿತು. ಜಾತ್ರೆಯಲ್ಲಿ ಹಳ್ಳಿಕಾರ್ ಜೋಡಿಯನ್ನು ಕೊಳ್ಳುವ ರೈತ ಬಾಯಿ ತೆರೆಸಿ ಹಲ್ಲು ಎಣಿಸುತ್ತಾನೆ, ಮೈಮೇಲಿನ ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸುತ್ತಾನೆ, ಆಮೇಲೆ ಬೆಲೆಯ ಮಾತಿಗೆ ಬರುತ್ತಾನೆ. ವೆಟ್ ಎಂಬುದರ ಜೀವ ಇರುವುದು ಆ ‘ಆಮೇಲೆ’ಯಲ್ಲಿ: ಒಪ್ಪುವುದಕ್ಕೆ ಮೊದಲೇ ನೋಡಬೇಕು. ಹಾಗಾಗಿ ನಾನು ‘ಪೂರ್ವಪರೀಕ್ಷೆ’ ಎಂದು ಬರೆಯುತ್ತೇನೆ. ಬರಹ ಸಡಿಲವಾಗಿದ್ದರೆ ‘ಹಲ್ಲು ಸುಳಿ ನೋಡಿ ಒಪ್ಪಿದರು’ ಎಂದೇ ಬರೆದಿದ್ದೇನೆ.

ಇನ್ವೆಸ್ಟಿಗೇಟ್ ಕಷ್ಟ ಕೊಡಲಿಲ್ಲ, ಏಕೆಂದರೆ ಅದರ ಮೂಲದಲ್ಲಿರುವುದು ಹೆಜ್ಜೆಗುರುತು, ನಮ್ಮಲ್ಲಿ ‘ಜಾಡು ಹಿಡಿ’ ಸಿದ್ಧವಾಗಿಯೇ ಇದೆ. ಪೆರೂಸ್ ಎಂಬುದನ್ನು ಮಾತ್ರ ಅನೇಕರು ‘ಮೇಲೆ ಮೇಲೆ ಕಣ್ಣಾಡಿಸು’ ಎಂದು ತಿಳಿಯುತ್ತಾರೆ. ಅದರ ಹಳೆಯ ಅರ್ಥ ಕೊನೆಯವರೆಗೆ ಗಮನವಿಟ್ಟು ಓದುವುದು. ನಮ್ಮ ಕಚೇರಿಯ ಪತ್ರಗಳಲ್ಲಿ ಇದಕ್ಕೆ ‘ಅವಗಾಹನೆ’ ಎನ್ನುತ್ತಾರೆ, ಎಂದರೆ ನೀರಿನಲ್ಲಿ ಮುಳುಗುವುದು. ಇದಕ್ಕಿಂತ ಒಳ್ಳೆಯ ಪದ ನನಗೆ ಬೇರೆ ಸಿಕ್ಕಿಲ್ಲ.

ಎಲ್ಲಕ್ಕಿಂತ ಹೆಚ್ಚು ತಿದ್ದಬೇಕಾದದ್ದು ಕ್ರಿಟಿಕಲ್ ಎಂಬ ವಿಶೇಷಣ. ಕ್ರಿಟಿಕಲ್ ಆಗಿ ನೋಡುವುದೆಂದರೆ ತಪ್ಪು ಹುಡುಕುವುದೆಂಬ ಭಾವನೆ ನಮ್ಮಲ್ಲಿ ಬಲವಾಗಿದೆ, ನಾನೂ ಬಹಳ ಕಾಲ ‘ಟೀಕಾತ್ಮಕವಾಗಿ’ ಎಂದೇ ಬರೆದೆ. ಅದರ ಗ್ರೀಕ್ ಧಾತುವಿನ ಅರ್ಥ ಬೇರ್ಪಡಿಸು, ತೀರ್ಮಾನಿಸು. ಲ್ಯಾಟಿನ್ನಿನಲ್ಲಿ ಜರಡಿಗೆ ಇರುವ ಪದವೂ ಇದೇ ಬುಡದ್ದು. ನಮ್ಮ ಕಡೆ ರಾಗಿ ಹಿಟ್ಟನ್ನು ವಂದರಿ ಆಡುವಾಗ ಕೆಳಗೆ ಬಿದ್ದ ನುಣುಪನ್ನೂ ಮೇಲೆ ಉಳಿದ ತೌಡನ್ನೂ ಕಣ್ಣು ಒಟ್ಟಿಗೇ ನೋಡುತ್ತದೆ, ಎರಡಕ್ಕೂ ಉಪಯೋಗವಿದೆ. ಈಗ ನಾನು ‘ಗಟ್ಟಿ ಜೊಳ್ಳು ಬೇರ್ಪಡಿಸಿ ನೋಡಿದರು’ ಎಂದು ಬರೆಯುತ್ತೇನೆ.

ಆ ಸಹಕಾರ ಸಂಘದ ಪ್ಯಾರಾವನ್ನು ಹೀಗೆ ತಿದ್ದಿದೆ: ಗೋದಾಮನ್ನು ತಪಾಸಣೆ ಮಾಡಿದರು, ಕಡತಗಳನ್ನು ಒಂದೊಂದಾಗಿ ಎತ್ತಿ ನೋಡಿದರು, ಲೆಕ್ಕವನ್ನು ಪರಿಶೋಧಿಸಿದರು, ಹಿಂದಿನ ತೀರ್ಮಾನಗಳನ್ನು ಮರುಪರಿಶೀಲಿಸಿದರು. ಮೇಷ್ಟ್ರು ಕೊನೆಯ ಪದದ ಕೆಳಗೆ ಗೆರೆ ಎಳೆದು ವಾಪಸು ಕೊಟ್ಟರು. ರಿವ್ಯೂ ಎಂದರೆ ಮತ್ತೊಮ್ಮೆ ನೋಡುವುದಷ್ಟೇ ಆದ್ದರಿಂದ, ಅದನ್ನು ಹೊಡೆದು ‘ಮತ್ತೆ ತೆರೆದು ನೋಡಿದರು’ ಎಂದು ಬರೆದು ಅಚ್ಚಿಗೆ ಕಳುಹಿಸಿದೆ.