ಸ್ಟೀರಿಂಗ್ ಹುಡುಗನಿಗೆ, ಪಕ್ಕದ ಸೀಟು ಹಳಬರಿಗೆ

ನಾವು ಓಡಿಹೋಗಿ ತಲುಪುವಷ್ಟರಲ್ಲಿ ನಮ್ಮ ರ‍್ಯಾಲಿ ಕಾರು ಪೋಲೋ ಕಾಫಿ ಗಿಡಗಳ ಮಧ್ಯೆ ತಲೆಕೆಳಗಾಗಿ ಮಲಗಿತ್ತು. ಹುಡುಗರಿಬ್ಬರೂ ಹೊರಗೆ ಬಂದು ಸಿಲ್ವರ್ ಓಕ್ ಮರದ ಬುಡದಲ್ಲಿ ಕೂತಿದ್ದರು. ಕಾರಿನೊಳಗಿನ ಉಕ್ಕಿನ ಚೌಕಟ್ಟು, ರೋಲ್ ಕೇಜ್, ಅದರ ಪುಣ್ಯ, ಯಾರಿಗೂ ಏನೂ ಆಗಿರಲಿಲ್ಲ. ಕೆಸರಲ್ಲಿ ಬಿದ್ದಿದ್ದ ನೋಟ್ಸ್ ಪುಸ್ತಕ ಎತ್ತಿ ನೋಡಿದೆ. ಎರಡು ಹಾಳೆ ಒಂದಕ್ಕೊಂದು ಅಂಟಿಕೊಂಡಿದ್ದವು. ಬೆಳಿಗ್ಗೆ ಮಳೆಯಲ್ಲಿ ನೆಂದ ಕೈಯಲ್ಲೇ ಪುಸ್ತಕ ಹಿಡಿದಿದ್ದನಂತೆ ಕೋ-ಡ್ರೈವರ್ ಹುಡುಗ. ಒಂದು ಹಾಳೆ ತಿರುಗಿಸೋ ಜಾಗದಲ್ಲಿ ಎರಡು ತಿರುಗಿದೆ. ಅವನು ಓದಿದ್ದು "ರೈಟ್ ಫೈವ್". ಎದುರಿಗೆ ಬಂದದ್ದು "ರೈಟ್ ತ್ರೀ, ಡೋಂಟ್ ಕಟ್".

ರ‍್ಯಾಲಿ ಗೊತ್ತಿಲ್ಲದವರಿಗೆ ಒಂದು ಮಾತು. ಡ್ರೈವರ್ ಪಕ್ಕ ಕೂರುವ ಕೋ-ಡ್ರೈವರ್ ಮುಂದಿನ ತಿರುವು ಹೇಗಿದೆ ಅಂತ ನೋಟ್ಸ್ ಓದಿ ಹೇಳುತ್ತಾ ಹೋಗುತ್ತಾನೆ. ಆ ತಿರುವುಗಳಿಗೆ ನಾವು ನಂಬರ್ ಕೊಡುತ್ತೇವೆ. ನಮ್ಮ ಲೆಕ್ಕದಲ್ಲಿ ಆರು ಅಂದರೆ ಹೆಚ್ಚುಕಮ್ಮಿ ನೇರ, ಒಂದು ಅಂದರೆ ಪೂರ್ತಿ ಮಡಚಿಕೊಂಡ ತಿರುವು. ಡೋಂಟ್ ಕಟ್ ಅಂದರೆ ಒಳಗಿನ ಅಂಚಿಗೆ ಚಕ್ರ ಹಾಕಬೇಡ, ಅಲ್ಲಿ ಕಲ್ಲೋ ಮೋರಿಯೋ ಇದೆ ಅಂತ. ನಮಗೆ ಸಿಕ್ಕಿದ್ದು ಕಲ್ಲು.

ಚಿಕ್ಕಮಗಳೂರಲ್ಲಿ ನನ್ನದೊಂದು ಗ್ಯಾರೇಜ್ ಇದೆ. ಹೊಟ್ಟೆಪಾಡಿಗೆ ಜೀಪು, ಪಿಕಪ್ಪು ರಿಪೇರಿ. ಹುಚ್ಚಿಗೆ ರ‍್ಯಾಲಿ ಟೀಮ್. ಅದು ನಮ್ಮ ಮೊದಲ ಸೀಸನ್. ಇದ್ದದ್ದು ಒಂದೇ ಕಾರು. ಆ ಹುಡುಗನನ್ನು ತೆಗೆದುಕೊಂಡಿದ್ದಕ್ಕೆ ನಿಜವಾದ ಕಾರಣ ಹೇಳಿಬಿಡುತ್ತೇನೆ: ಅವರಪ್ಪ ಖರ್ಚಿನಲ್ಲಿ ಅರ್ಧ ಕೊಡ್ತೀನಿ ಅಂದಿದ್ದರು. ಕೋ-ಡ್ರೈವರ್ ಆಗಿ ಅವನ ಕಾಲೇಜು ಸ್ನೇಹಿತನೇ ಬಂದ. ಇಬ್ಬರಿಗೂ ಲೈಸೆನ್ಸ್ ಇತ್ತು, ಇಬ್ಬರಿಗೂ ಧೈರ್ಯ ಇತ್ತು. ಎರಡನೇ ಸ್ಟೇಜಿಗೇ, ಅಂದರೆ ಟೈಮ್ ಹಿಡಿದು ಓಡಿಸುವ ಎರಡನೇ ತುಂಡು ರಸ್ತೆಯಲ್ಲೇ, ಕಾರಿನ ಬಾಡಿ ಶೆಲ್ ಗುಜರಿಗೆ ಹೋಯಿತು. ಅರ್ಧ ಖರ್ಚಿನ ಮಾತೂ ಅದರ ಜೊತೆಗೇ ಹೋಯಿತು ಬಿಡಿ.

ಆವತ್ತು ರಾತ್ರಿ ನಾನು ಮಾಡಿದ ತೀರ್ಮಾನ, ಇನ್ನು ಹೊಸಬರ ಸಹವಾಸವೇ ಬೇಡ ಅಂತ. ತಪ್ಪು ತೀರ್ಮಾನ. ತಪ್ಪು ಅಂತ ಗೊತ್ತಾಗೋಕೆ ಒಂದೂವರೆ ವರ್ಷ ಬೇಕಾಯಿತು.

ಮುಂದಿನ ಸೀಸನ್‌ಗೆ ಒಬ್ಬ ಹಿರಿಯರನ್ನು ಕರೆತಂದೆ. ಜಿಪ್ಸಿ, ಎಸ್ಟೀಮ್ ಕಾಲದಿಂದ ಓಡಿಸಿದವರು. ನಾವೆಲ್ಲ ಅವರನ್ನು "ಸಾರ್" ಅಂತಲೇ ಕರೆಯೋದು. ಓಡಿದ ಎಲ್ಲ ರ‍್ಯಾಲಿಯಲ್ಲೂ ಕಾರು ವಾಪಸ್ ತಂದರು. ಒಮ್ಮೆಯಂತೂ ಹಿಂದಿನ ಶಾಕ್ ಅಬ್ಸಾರ್ಬರ್ ಒಡೆದುಹೋಗಿದ್ದರೂ ಎರಡು ಸ್ಟೇಜ್ ಮುಗಿಸಿ ಸರ್ವಿಸ್‌ಗೆ ಬಂದು, "ಸ್ವಲ್ಪ ಎತ್ತಿ ಹಾಕ್ತಿದೆ, ನೋಡು" ಅಂದರು ಅಷ್ಟೇ. ಜಾಕ್ ಹಾಕಿ ನೋಡಿದರೆ ಎಣ್ಣೆಯೆಲ್ಲ ಚಕ್ರದ ಮೇಲೆ. ಇಂಥ ಡ್ರೈವರ್ ಇದ್ದರೆ ಟೀಮ್ ಮಾಲೀಕನಿಗೆ ರಾತ್ರಿ ನಿದ್ದೆ ಬರುತ್ತದೆ. ಆದರೆ ಕ್ಲಾಸಿನಲ್ಲಿ, ಅಂದರೆ ಒಂದೇ ತರಹದ ಕಾರುಗಳ ಗುಂಪಿನಲ್ಲಿ, ಬಂದ ಸ್ಥಾನ ನಾಲ್ಕು, ಐದು, ನಾಲ್ಕು. ಅದಕ್ಕಿಂತ ಮೇಲಕ್ಕೆ ಏರಲೇ ಇಲ್ಲ.

ಮೂರನೇ ಸೀಸನ್‌ಗೆ ಎರಡನೇ ಕಾರು ಕಟ್ಟಿದೆವು. ಅದಕ್ಕೆ ಯಾರು? ಕಂಡಿದ್ದು ಇಬ್ಬರು. ಒಬ್ಬರು ಹತ್ತು ವರ್ಷ ರ‍್ಯಾಲಿ ಓಡಿಸಿದವರು. ಇನ್ನೊಬ್ಬ ಕೊಡಗಿನ ಹುಡುಗ, ಇಪ್ಪತ್ತೊಂದು ವರ್ಷ. ಅಲ್ಲಿ ಭತ್ತದ ಕೊಯ್ಲು ಮುಗಿದ ಮೇಲೆ ಗದ್ದೆಯಲ್ಲೇ ಟ್ರ್ಯಾಕ್ ಹಾಕಿ ಆಟೋಕ್ರಾಸ್ ಮಾಡ್ತಾರಲ್ಲ, ಅದರಲ್ಲಿ ಗೆದ್ದು ಬಂದವನು. ರ‍್ಯಾಲಿ ಒಂದೂ ಓಡಿಸಿರಲಿಲ್ಲ.

ಬಾಯಿ ಮಾತು ಬೇಡ, ಓಡಿಸಿಯೇ ನೋಡೋಣ ಅಂದುಕೊಂಡೆ. ಸ್ನೇಹಿತರೊಬ್ಬರ ಎಸ್ಟೇಟಿನಲ್ಲಿ ಎರಡು ಕಿಲೋಮೀಟರ್ ಮಣ್ಣು ರಸ್ತೆ ಸಿಕ್ಕಿತು. ಗೇಟ್ ಹಾಕಿ, ಕೆಲಸದವರಿಗೆಲ್ಲ ರಜೆ ಕೊಡಿಸಿ, ಎರಡೂ ತುದಿಯಲ್ಲಿ ಜನ ನಿಲ್ಲಿಸಿದೆ. ಒಂದೇ ಕಾರು, ಒಂದೇ ಟೈರು, ತಲಾ ಐದು ರನ್. ಮೈದಾನದ ಅನುಭವ ಬೇರೆ, ಒಂದು ಕಡೆ ಧರೆ ಇನ್ನೊಂದು ಕಡೆ ಚರಂಡಿ ಇರುವ ರಸ್ತೆ ಬೇರೆ. ಗದ್ದೆಯಲ್ಲಿ ಜಾರಿದರೆ ಧೂಳು, ಇಲ್ಲಿ ಜಾರಿದರೆ ಮರ.

ಅನುಭವಿ ಡ್ರೈವರ್ ಟೈಮ್ ನೋಡಿ: 1 ನಿಮಿಷ 42.1 ಸೆಕೆಂಡ್, ಆಮೇಲೆ 41.8, 41.9, 41.6, 42.0. ಗೆರೆ ಎಳೆದ ಹಾಗೆ. ಹುಡುಗನದ್ದು 44.8, 41.2, 40.1, 39.0. ಐದನೇದು ಟೈಮೇ ಇಲ್ಲ, ಲಂಟಾನದ ಪೊದೆಗೆ ಬಂಪರ್ ಸಿಕ್ಕಿಸಿ ನಿಂತಿದ್ದ. ಸ್ಟಾಪ್‌ವಾಚ್ ಹಿಡಿದಿದ್ದ ನನ್ನ ಮೆಕ್ಯಾನಿಕ್ ನನ್ನ ಮುಖ ನೋಡಿದ. "39 ಅಣ್ಣ" ಅಂದ. "ಬಂಪರ್ ಅಣ್ಣ" ಅಂದೆ ನಾನು.

ಊಟ ಆದಮೇಲೆ ಒಂದು ಕಿತಾಪತಿ ಮಾಡಿದೆ. ಯಾರಿಗೂ ಹೇಳದೆ ಹಿಂದಿನ ಎರಡೂ ಟೈರಿಗೆ ಆರು ಪಿಎಸ್‌ಐ ಗಾಳಿ ಜಾಸ್ತಿ ತುಂಬಿಸಿದೆ. ಪೋಲೋ ಮುಂದಿನ ಚಕ್ರದಿಂದ ಎಳೆಯುವ ಕಾರು. ಹಿಂದೆ ಗಾಳಿ ಜಾಸ್ತಿಯಾದರೆ ಹಿಡಿತ ಕಮ್ಮಿಯಾಗಿ ಹಿಂಭಾಗ ಬೇಗ ಜಾರುತ್ತದೆ. ಅನುಭವಿ ಹೋಗಿ ಬಂದರು: 41.9. "ಹೇಗಿದೆ?" ಅಂದೆ. "ಚೆನ್ನಾಗೇ ಇದೆಯಲ್ಲ." ಹುಡುಗ ಹೋಗಿ ಬಂದ: 42.7. ಹೆಲ್ಮೆಟ್ ತೆಗೆಯೋ ಮೊದಲೇ ಶುರು ಮಾಡಿದ: "ಅಣ್ಣ, ಹಿಂದೆ ಏನೋ ಮಾಡಿದ್ದೀರಾ ಅಲ್ವಾ? ಬ್ರೇಕ್ ಮುಟ್ಟಿದರೆ ಬಾಲ ಮುಂದಕ್ಕೆ ಬರ್ತಿದೆ."

ಇದನ್ನು ಅರ್ಥ ಮಾಡಿಕೊಳ್ಳೋಕೆ ನನಗೆ ಎರಡು ದಿನ ಹಿಡಿಯಿತು. ಅನುಭವಿಗೆ ಗೊತ್ತಾಗಲಿಲ್ಲ ಅಂತಲ್ಲ. ಅವರ ಕೈಕಾಲು ತಾನಾಗಿಯೇ ಸರಿಮಾಡಿಕೊಂಡಿದೆ, ತಲೆಗೆ ಸುದ್ದಿಯೇ ಮುಟ್ಟಿಲ್ಲ. ಕಾರು ಕೆಟ್ಟಾಗ ಈ ಗುಣ ಬಂಗಾರ. ಆದರೆ ಕಾರನ್ನು ಉತ್ತಮ ಮಾಡಬೇಕು ಅನ್ನೋ ಮೆಕ್ಯಾನಿಕ್‌ಗೆ ಅದರಿಂದ ಏನೂ ಸಿಗೋದಿಲ್ಲ. ನಮ್ಮ ಸಾರ್ ಜೊತೆ ಒಂದು ಸೀಸನ್ ಪೂರ್ತಿ ಸಸ್ಪೆನ್ಷನ್‌ನ ಒಂದು ಕ್ಲಿಕ್ ಕೂಡ ಬದಲಾಯಿಸದೆ ನಾಲ್ಕು, ಐದು, ನಾಲ್ಕು ಅಂತ ಕೂತಿದ್ದು ಯಾಕೆ ಅಂತ ಆಗ ಹೊಳೆಯಿತು. ಸಾರ್ ದೂರು ಹೇಳುತ್ತಲೇ ಇರಲಿಲ್ಲ. ನಾವೂ ಕೇಳುತ್ತಿರಲಿಲ್ಲ.

ಹಾಗಂತ ಹುಡುಗನೇ ಸರಿ ಅಂತಲೂ ಅಲ್ಲ. ಐದರಲ್ಲಿ ಒಂದು ಸಲ ಪೊದೆಗೆ ಹೋಗುವವನನ್ನು ಎರಡು ದಿನದ ರ‍್ಯಾಲಿಗೆ ಕಳಿಸಿದರೆ ಪೊದೆ ಗ್ಯಾರಂಟಿ. ಫಾರ್ಮುಲಾ ಒನ್ ಟೀಮುಗಳು ಇದಕ್ಕೆ ಎರಡು ಕಾರಿನಲ್ಲಿ ಇಬ್ಬರನ್ನು ಇಟ್ಟು ಬ್ಯಾಲೆನ್ಸ್ ಮಾಡುತ್ತವೆ. 2025ರಲ್ಲಿ ಸೌಬರ್ ಮಾಡಿದ್ದು ಅದನ್ನೇ: ಒಂದರಲ್ಲಿ ನಿಕೊ ಹುಲ್ಕೆನ್‌ಬರ್ಗ್, ಇನ್ನೊಂದರಲ್ಲಿ ಹೊಸ ಹುಡುಗ ಗೇಬ್ರಿಯಲ್ ಬೊರ್ಟೊಲೆಟೊ. ಸಿಲ್ವರ್‌ಸ್ಟೋನ್‌ನ ಮಳೆಯಲ್ಲಿ ಹುಡುಗ ಶುರುವಿನಲ್ಲೇ ಜಾರಿ ಹೊರಬಿದ್ದ. ಹುಲ್ಕೆನ್‌ಬರ್ಗ್ 19ನೇ ಜಾಗದಿಂದ ಹೊರಟು ಮೂರನೆಯವರಾಗಿ ಬಂದರು. 37ನೇ ವಯಸ್ಸಿನಲ್ಲಿ, 239ನೇ ರೇಸಿನಲ್ಲಿ ಅವರ ಮೊದಲ ಪೋಡಿಯಂ! ಟಿವಿ ಮುಂದೆ ಕೂತು ನಾನು ಸುಮ್ನೆ ನಗುತ್ತಿದ್ದೆ, ನಮ್ಮ ಸಾರ್ ನೆನಪಾಗಿ.

ಆದರೆ ರ‍್ಯಾಲಿಯಲ್ಲಿ ಫಾರ್ಮುಲಾ ಒನ್‌ಗೆ ಇಲ್ಲದ ಒಂದು ಅನುಕೂಲ ಇದೆ. ಒಂದೇ ಕಾರಿನಲ್ಲಿ ಎರಡು ಸೀಟು. ಹರೆಯ ಒಂದು ಸೀಟಿನಲ್ಲಿ, ಅನುಭವ ಇನ್ನೊಂದರಲ್ಲಿ ಇಡಬಹುದು. ಮೊದಲ ಸೀಸನ್ನಿನ ನನ್ನ ತಪ್ಪು ಹೊಸಬನನ್ನು ತೆಗೆದುಕೊಂಡದ್ದಲ್ಲ, ಎರಡೂ ಸೀಟಿಗೆ ಹೊಸಬರನ್ನು ಕೂರಿಸಿದ್ದು. ಕಾರು ಉರುಳಿಸಿದ್ದು ಡ್ರೈವರ್ ಅಲ್ಲವಲ್ಲ, ಒದ್ದೆ ಹಾಳೆ.

ವಿಶ್ವ ರ‍್ಯಾಲಿ ಚಾಂಪಿಯನ್‌ಶಿಪ್‌ನ 2022ನೇ ವರ್ಷ ನೋಡಿ. ಜನವರಿಯಲ್ಲಿ ಮಾಂಟೆ ಕಾರ್ಲೊ ಗೆದ್ದದ್ದು 47 ವರ್ಷದ ಸೆಬಾಸ್ಟಿಯನ್ ಲೋಬ್. ಅಕ್ಟೋಬರ್ 2ರಂದು ನ್ಯೂಜಿಲೆಂಡ್‌ನಲ್ಲಿ ಚಾಂಪಿಯನ್ ಆದದ್ದು ಕಾಲೆ ರೊವನ್‌ಪೆರಾ, ಹಿಂದಿನ ದಿನವಷ್ಟೇ 22 ತುಂಬಿದ ಹುಡುಗ. ಲೋಬ್ ಪಕ್ಕದಲ್ಲಿ ನೋಟ್ಸ್ ಓದಿದವರು ಇಸಬೆಲ್ ಗಾಲ್ಮಿಶ್, ಕೆಲಸದಲ್ಲಿ ಗಣಿತದ ಮೇಡಂ. ಪಕ್ಕದ ಸೀಟಿಗೆ ಬೇಕಾದ್ದು ಎಂಥ ತಲೆ ಅಂತ ಇದರಲ್ಲೇ ಗೊತ್ತಾಗುತ್ತದೆ. ನಮ್ಮ ಕರಾವಳಿಯ ಆಚೆ ತುದಿಯ ಕಾಸರಗೋಡಿನ ಮೂಸಾ ಷರೀಫ್ ಅವರನ್ನೇ ತೆಗೆದುಕೊಳ್ಳಿ, ಡ್ರೈವರ್ ಗೌರವ್ ಗಿಲ್ ಪಕ್ಕ ಕೂತು ರಾಷ್ಟ್ರೀಯ ಚಾಂಪಿಯನ್‌ಶಿಪ್ ಗೆದ್ದವರು. ಪೇಪರಿನಲ್ಲಿ ಫೋಟೊ ಬರೋದು ಮಾತ್ರ ಸ್ಟೀರಿಂಗ್ ಹಿಡಿದವರದ್ದು.

ಮಂಗಳೂರಿನ ಒಬ್ಬ ಹಳೆಯ ಕೋ-ಡ್ರೈವರ್‌ಗೆ ಫೋನ್ ಮಾಡಿದೆ. ಅವರು ಕೇಳಿದ್ದು ಒಂದೇ: "ಹುಡುಗ ಹೇಳಿದ್ದು ಕೇಳ್ತಾನಾ?" ಗೊತ್ತಿಲ್ಲ ಅಂದೆ. "ಸರಿ, ರೆಕ್ಕಿಯಲ್ಲಿ ಗೊತ್ತಾಗುತ್ತೆ" ಅಂತ ಬಂದರು. ರೆಕ್ಕಿ ಅಂದರೆ ಸ್ಪರ್ಧೆಗೆ ಮೊದಲು ನಿಧಾನವಾಗಿ ರಸ್ತೆ ನೋಡಿಕೊಂಡು ನೋಟ್ಸ್ ಬರೆದುಕೊಳ್ಳೋದು. ಬಂದವರೇ ಹುಡುಗನ ಕೈಗೆ ಅವರ ಪುಸ್ತಕ ಕೊಟ್ಟರು. ಪೆನ್ನಿಲ್ಲ, ಎಲ್ಲ ಪೆನ್ಸಿಲ್, ನೀರು ಬಿದ್ದರೆ ಹರಡಬಾರದು ಅಂತ. ಪ್ರತಿ ಹಾಳೆಯ ಕೆಳಮೂಲೆಯನ್ನು ಒಂದಕ್ಕಿಂತ ಒಂದು ಸ್ವಲ್ಪ ಜಾಸ್ತಿ ಕತ್ತರಿಸಿದ್ದರು, ಹೆಬ್ಬೆರಳಿಗೆ ಒಂದೇ ಹಾಳೆ ಸಿಗುವ ಹಾಗೆ. ನಾನು ಆ ಮೂಲೆಗಳನ್ನು ಮುಟ್ಟಿ ಮುಟ್ಟಿ ನೋಡಿದೆ. ಎರಡು ವರ್ಷ ಮೊದಲು ಇದನ್ನು ಯಾರಾದರೂ ತೋರಿಸಿದ್ದರೆ ಒಂದು ಶೆಲ್ ಉಳಿಯುತ್ತಿತ್ತು.

ಮೊದಲ ರ‍್ಯಾಲಿಯ ಎರಡನೇ ದಿನದ ಒಂದು ಕ್ಷಣ ಹೇಳಬೇಕು. ಸರ್ವಿಸ್ ಮುಗಿಸಿ ಟೈಮ್ ಕಂಟ್ರೋಲ್ ಹತ್ತಿರ ಕಾರು ಬಂತು, ಕೊಟ್ಟ ನಿಮಿಷಕ್ಕೇ ಸರಿಯಾಗಿ ಹಾಜರಾಗಬೇಕಾದ ಜಾಗ ಅದು. ಒಂದು ನಿಮಿಷ ತಡವಾದರೆ ಹತ್ತು ಸೆಕೆಂಡ್ ಪೆನಾಲ್ಟಿ, ಒಂದು ನಿಮಿಷ ಬೇಗ ಹೋದರೆ ಪೂರ್ತಿ ಒಂದು ನಿಮಿಷ. ಹೊಸಬರಿಗೆ ಇದು ತಲೆಗೇ ಹೋಗೋದಿಲ್ಲ, ಬೇಗ ಹೋದರೆ ಒಳ್ಳೇದಲ್ವಾ ಅಂದುಕೊಳ್ಳುತ್ತಾರೆ. ಹುಡುಗ ಗೇರ್ ಹಾಕಿ ಬೋರ್ಡಿನ ಕಡೆ ಹೊರಟೇಬಿಟ್ಟ. ಹಳಬರು ಗಡಿಯಾರದಿಂದ ಕಣ್ಣು ತೆಗೆಯಲಿಲ್ಲ, ಸುಮ್ಮನೆ ಹ್ಯಾಂಡ್‌ಬ್ರೇಕ್ ಎಳೆದರು. ಇಂಜಿನ್ ಗಕ್ ಅಂತ ನಿಂತಿತು. ಹುಡುಗನ ಮುಖ ಕೆಂಪಾಯಿತು. ನಲವತ್ತು ಸೆಕೆಂಡ್ ಆದಮೇಲೆ, "ಹ್ಞಾಂ, ಈಗ ನಡಿ ಮಾರಾಯ" ಅಂದರು.

ಆ ರ‍್ಯಾಲಿಯಲ್ಲಿ ನಮಗೆ ಎರಡನೇ ಸ್ಥಾನ ಬಂತು, ಮೂರನೆಯವರಿಗಿಂತ ಹದಿನೆಂಟು ಸೆಕೆಂಡ್ ಮುಂದೆ. ಆ ಒಂದು ನಿಮಿಷ ಕಳೆದುಕೊಂಡಿದ್ದರೆ ಏನಾಗುತ್ತಿತ್ತು ಅಂತ ನೀವೇ ಲೆಕ್ಕ ಹಾಕಿ. ಹುಡುಗನ ದೂರುಗಳಿಂದ ಕಾರಿನ ಸೆಟಪ್ಪೂ ಸುಧಾರಿಸಿತು. ಅದೇ ಸೆಟಪ್ಪನ್ನು ಇನ್ನೊಂದು ಕಾರಿಗೆ ಹಾಕಿದೆವು. ಸಾರ್ ಆ ಸೀಸನ್ನಿನಲ್ಲಿ ಒಂದು ಸಲ ಮೂರನೆಯವರಾಗಿ ಬಂದರು. "ಏನು ಮಾಡಿದ್ರೋ?" ಅಂತ ಕೇಳಿದರು. ಹೇಳಲಿಲ್ಲ. ಅವರ ಕಾರಿಗೆ ಇನ್ನೊಬ್ಬ ಹೊಸ ಕೋ-ಡ್ರೈವರ್ ಹುಡುಗನನ್ನು ಕಲಿಯಲಿ ಅಂತ ಕೂರಿಸಿದ್ದೆ. ಅಲ್ಲಿ ಓದೋದು ತಪ್ಪಿದರೂ ಸಾರ್ ಕಣ್ಣಿಂದಲೇ ಓಡಿಸಿಬಿಡುತ್ತಾರೆ.

ಬೇರೆ ಟೀಮಿನವರು ಇದೇ ಲೆಕ್ಕ ಒಪ್ಪಬೇಕು ಅಂತೇನಿಲ್ಲ. ದುಡ್ಡು ಜಾಸ್ತಿ ಇದ್ದು, ಮೂರು ಶೆಲ್ ಸ್ಟಾಕ್ ಇಟ್ಟುಕೊಂಡವರು ಹುಡುಗರನ್ನು ಬಿಟ್ಟು ಕಲಿಸಬಹುದು. ನನ್ನ ಹತ್ತಿರ ಇರೋದು ಎರಡು ಕಾರು, ಒಂದು ಬ್ಯಾಂಕ್ ಸಾಲ.

ಈಗ ಹೊಸ ತಲೆನೋವು. ಮಂಗಳೂರಿನವರಿಗೆ ಬೆನ್ನುನೋವು ಶುರುವಾಗಿದೆ, ಈ ಸೀಸನ್ ಮುಗಿದರೆ ಸಾಕು ಅನ್ನುತ್ತಿದ್ದಾರೆ. ಕೊಡಗಿನ ಹುಡುಗ ಮೊನ್ನೆ ಫೋನ್ ಮಾಡಿ, ನನ್ನ ಸ್ನೇಹಿತ ಒಬ್ಬ ಇದ್ದಾನೆ ಅಣ್ಣ, ಅವನನ್ನೇ ಕೂರಿಸೋಣ ಅಂದ. ಆಗಲ್ಲ ಅಂದೆ. ಇನ್ನೂ ಮುನಿಸಿಕೊಂಡಿದ್ದಾನೆ. ಸದ್ಯಕ್ಕೆ ಕೋ-ಡ್ರೈವರ್ ಆಗ್ತೀನಿ ಅಂತ ಬಂದವರನ್ನೆಲ್ಲ ಜೀಪಿನಲ್ಲಿ ಕೂರಿಸಿಕೊಂಡು ಮಳೆಗೆ ಕಿತ್ತುಹೋದ ಎಸ್ಟೇಟ್ ರಸ್ತೆಯಲ್ಲಿ ಹೋಗ್ತೀನಿ. ಕೈಗೆ ಆವತ್ತಿನ ಪೇಪರ್ ಕೊಟ್ಟು ಗಟ್ಟಿಯಾಗಿ ಓದು ಅನ್ನುತ್ತೇನೆ. ಇಲ್ಲಿಯವರೆಗೆ ನಾಲ್ಕು ಜನ ಬಂದಿದ್ದಾರೆ. ಮೂವರು ಎರಡನೇ ಪುಟಕ್ಕೆ ಮೊದಲೇ ಜೀಪು ನಿಲ್ಲಿಸಿ ವಾಂತಿ ಮಾಡಿಕೊಂಡರು. ನಾಲ್ಕನೆಯವಳು ಹಾಸನದ ಹುಡುಗಿ. ಅಡಿಕೆ ರೇಟಿನವರೆಗೆ ಓದಿ, ಕ್ರೀಡಾ ಪುಟ ಯಾವ ಕಡೆ ಅಂತ ಕೇಳಿದಳು.