ಯಿಡಕಿ ನುಡಿಸುವಾಗ ದನಿ ಸೇರಿಸುವುದನ್ನು ಕಲಿತ ಬಗೆ

ಹೊರಜಗತ್ತು ಡಿಜೆರಿಡೂ ಎಂದು ಕರೆಯುವ, ಟೊಳ್ಳು ಮರದ ಉದ್ದನೆಯ ಊದುವಾದ್ಯಕ್ಕೆ ಆಸ್ಟ್ರೇಲಿಯದ ಈಶಾನ್ಯ ಆರ್ನೆಮ್ ಲ್ಯಾಂಡಿನ ಮೂಲನಿವಾಸಿಗಳಾದ ಯೊಲ್ಙು ಜನರಲ್ಲಿ ಯಿಡಕಿ ಎಂದು ಹೆಸರು. ಪಶ್ಚಿಮ ಆರ್ನೆಮ್ ಲ್ಯಾಂಡಿನಲ್ಲಿ ಮಾಗೊ ಎನಿಸಿಕೊಳ್ಳುವ ಇದೇ ಬಗೆಯ ವಾದ್ಯದ ಶೈಲಿಯೇ ಬೇರೆ. ಉದ್ಯೋಗನಿಮಿತ್ತ ಡಾರ್ವಿನ್‌ನಲ್ಲಿರುವ ನಾನು ಯೊಲ್ಙು ಹಿರಿಯರೊಬ್ಬರು ಸಾರ್ವಜನಿಕರಿಗೆ ನಡೆಸುತ್ತಿದ್ದ ತರಗತಿಯಲ್ಲಿ ಕಲಿತದ್ದು ಯಿಡಕಿಯನ್ನು.

ಗುರುಗಳು ಮೊದಲಿಗೆ ವಾದ್ಯವನ್ನು ಕೈಗೆ ಕೊಡಲಿಲ್ಲ. ಮೃದಂಗದ ಪಾಠದಲ್ಲಿ ಜತಿಯನ್ನು ಬಾಯಲ್ಲಿ ಹೇಳಿಸಿದ ಮೇಲೆಯೇ ಕೈಗೆ ಇಳಿಸುವಂತೆ, ಇಲ್ಲಿಯೂ ‘ದಿತ್-ದು’ ಎಂಬ ಪಾಟಾಕ್ಷರವನ್ನು ಬರಿಬಾಯಲ್ಲಿ ಲಯಬದ್ಧವಾಗಿ ಹೇಳಿಸಿದರು. ಈ ದಕಾರ ನಮ್ಮ ದಕಾರದಂತೆಯೇ ದಂತ್ಯ. ನಾಲಿಗೆಯ ತುದಿಯನ್ನು ವಸಡಿಗೆ ಒತ್ತುವ ಅಭ್ಯಾಸವಿದ್ದ ಇಂಗ್ಲಿಷ್ ಭಾಷಿಕ ಸಹಪಾಠಿಗಳು ಅದಕ್ಕಾಗಿ ಹೆಣಗುತ್ತಿದ್ದಾಗ ನನಗೆ ಆ ಭಾಗ ಸುಲಭವಾಯಿತು. ನಾದ ಕಡಿಯದಂತೆ, ಕೆನ್ನೆಯಲ್ಲಿ ಉಳಿದ ಗಾಳಿಯನ್ನು ನಾಲಿಗೆಯಿಂದ ಹೊರದೂಡುತ್ತ ಅದೇ ಕ್ಷಣದಲ್ಲಿ ಮೂಗಿನಿಂದ ಉಸಿರೆಳೆಯುವುದೂ ಈ ಪಾಟಾಕ್ಷರಗಳ ಲಯದೊಳಗೇ ಸೇರಿಕೊಂಡಿರುತ್ತದೆ.

ನಿಜವಾದ ಕಷ್ಟವೆಂದರೆ ದನಿ ಸೇರಿಸುವುದು, ಅಂದರೆ ಊದುತ್ತಲೇ ಗಂಟಲಿನಿಂದಲೂ ಸ್ವರ ಹೊರಡಿಸುವುದು. ಸಡಿಲಬಿಟ್ಟ ತುಟಿಗಳು ಸೆಕೆಂಡಿಗೆ 70 ಬಾರಿ ಅದುರುತ್ತಿವೆ ಎನ್ನೋಣ. ಅದನ್ನು ಷಡ್ಜವೆಂದು ಹಿಡಿದು ಗಂಟಲಿನಲ್ಲಿ ಅದರ ಪಂಚಮವನ್ನು, ಅಂದರೆ 105 ಹರ್ಟ್ಸ್ ಸ್ವರವನ್ನು ಸೇರಿಸಿದರೆ, ಎರಡರ ವ್ಯತ್ಯಾಸವಾದ 35 ಹರ್ಟ್ಸ್ ಮೂಡಿ, ಷಡ್ಜಕ್ಕಿಂತ ಒಂದು ಸ್ಥಾಯಿ ಕೆಳಗಿನ ಗುಡುಗು ಕೇಳಿಸುತ್ತದೆ. ದನಿ ತುಸು ಸರಿದರೂ ಆ ಗುಡುಗು ಒರಟು ಕಂಪನವಾಗಿ ಒಡೆಯುತ್ತದೆ. ಉಸಿರೆಳೆಯುವಾಗ ಧ್ವನಿತಂತುಗಳು ತೆರೆದುಕೊಳ್ಳಲೇಬೇಕಾದ್ದರಿಂದ ದನಿ ಆಗ ನಿಲ್ಲುತ್ತದೆ; ಹಾಗಾಗಿ ಅದಕ್ಕೆ ಎರಡು ಉಸಿರುಗಳ ನಡುವೆಯೇ ಜಾಗ ಹುಡುಕಬೇಕು.

ದನಿಯಿಲ್ಲದೆಯೂ ನಾದದ ಬಣ್ಣ ಬದಲಾಗುತ್ತದೆ. ನಾಲಿಗೆಯನ್ನು ‘ಈ’ಕಾರಕ್ಕೆ ಏರಿಸಿದಾಗ ನಾದ ತೆಳುವಾಗಿ ಹೊಳೆಯುವುದೇಕೆ ಎಂಬುದು ನನಗೆ ತಿಳಿದದ್ದು ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2005ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನದಿಂದ: ಬಾಯಿ ಮತ್ತು ಗಂಟಲಿನ ಅನುರಣನಗಳು ಕೆಲವು ಆವರ್ತನಗಳನ್ನು ಅಡಗಿಸುತ್ತವೆ, ಅಡಗದೆ ಉಳಿದವು ನಮಗೆ ಎದ್ದು ಕೇಳಿಸುತ್ತವೆ.

ನಾಯಿಯ ಬೊಗಳಿಕೆ, ಕೂಕಬುರ್ರಾ ಹಕ್ಕಿಯ ನಗು ಮೊದಲಾದ ಅನುಕರಣೆಗಳ ಮೇಲೆ ಹೊಸಬರಿಗೆ ಬಲು ಮೋಹ. ಅವು ಕೇಳುಗರನ್ನು ರಂಜಿಸುತ್ತವೆ ನಿಜ. ಆದರೆ ಯೊಲ್ಙು ಹಾಡುಗಾರಿಕೆಯಾದ ಮನಿಕಾಯ್‌ನಲ್ಲಿ ಯಿಡಕಿ ಹಾಡುಗಾರನನ್ನೂ ಬಿಲ್ಮಾ ಎಂಬ ತಾಳದ ಕೋಲುಗಳನ್ನೂ ಅನುಸರಿಸಬೇಕಾದ ಪಕ್ಕವಾದ್ಯ. ಕುಲಗಳಿಗೆ ಸೇರಿದ ಹಾಡುಗಳ ನುಡಿಸಾಣಿಕೆಯನ್ನು ನಾನು ಮುಟ್ಟುವುದಿಲ್ಲ. ಎಲ್ಲರಿಗೂ ಕಲಿಸಬಹುದೆಂದು ಗುರುಗಳು ಕೊಟ್ಟ ಪಾಠಗಳನ್ನಷ್ಟೇ ಅಭ್ಯಾಸ ಮಾಡುತ್ತೇನೆ.